ಹನ್ನೊಂದನೆಯ ರೀಲು

ಬಂಗಾರಪೇಟೆ,
10 ಜನವರಿ 1957

ಮಹಾಜನಗಳೇ! ಬೆಂಚಿನ ಮೇಲೆ ವಿರಾಜಮಾನರಾದ ಎಂಟಾಣೆಯ ಪ್ರಭುಗಳೇ, ಮರಳಿನ ಮೇಲೆ ಪವಡಿಸಿರುವ ನಾಲ್ಕಾಣೆಯ ರಸಿಕರೇ, ತಡಿಕೆಯಾಚೆ ಕಡಲೆಕಾಯಿ ಬಿಡಿಸುತ್ತಿರುವ ಮಾತೆಯರೇ! ಈ ಊರಿನ ಮಿಡ್ಲ್ ಸ್ಕೂಲಿನ ಕನ್ನಡ ಮೇಷ್ಟ್ರು ಆದಿನಾರಾಯಣ, ಬಿ.ಎ., ತನ್ನ ಅಕ್ಕನ ಮಗಳೂ ಚಿತ್ರತಾರೆಯೂ ಆದ ಮುತ್ಯಾಲಮ್ಮನಿಗೆ ಮದ್ರಾಸಿನ ವಿಳಾಸಕ್ಕೆ ಬರೆಯುವ ಈ ಕಾಗದವನ್ನು ತಾವೆಲ್ಲರೂ ಶಾಂತಚಿತ್ತರಾಗಿ ಆಲಿಸಬೇಕಾಗಿ ವಿನಂತಿ. ಬೀಡಿ ಸೇದುವವರು ಹೊರಗೆ ಹೋಗಿ ಸೇದತಕ್ಕದ್ದು.

ಮುತ್ಯಾಲು, ಹೆದರಬೇಡ. ಮಾವನಿಗೆ ತಲೆ ಕೆಟ್ಟಿಲ್ಲ, ಬಾಯಿ ಕೆಟ್ಟಿದೆ. ಜಯರಾಮಪ್ಪನವರ ಟೆಂಟು ಸಿನಿಮಾಕ್ಕೆ ನೋಟೀಸು ಬರೆಯುವ ಕೆಲಸ ಹಿಡಿದು ಆರು ತಿಂಗಳಾಯಿತು. ಬೆಳಗ್ಗೆ ಹುಡುಗರಿಗೆ ಸಂಧಿ, ಸಂಜೆ ಊರಿಗೆ ಸುದ್ದಿ. ಜಟಕಾದಲ್ಲಿ ತಮಟೆಯವನ ಪಕ್ಕ ಕೂತು ನನ್ನ ಪದ್ಯ ನಾನೇ ಕೂಗುತ್ತೇನೆ; ಹೆಡ್‌ಮೇಷ್ಟ್ರು ಎದುರಾದರೆ ಅದೇ ನೋಟೀಸನ್ನು ಮುಖಕ್ಕೆ ಅಡ್ಡ ಹಿಡಿಯುತ್ತೇನೆ. ಮೊನ್ನೆಯಿಂದ ಇನ್ನೊಂದು ಹುದ್ದೆಯೂ ಬಂದಿದೆ. ಕಥೆಯಲ್ಲಿ ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ತೀರ್ಪು ಹೇಳಲು ಜಯರಾಮಪ್ಪನವರಿಗೆ ಒಬ್ಬ ಬಿ.ಎ. ಬೇಕಿತ್ತಂತೆ. ಸಂಬಳವಿಲ್ಲ, ಬೆಂಚು ಪುಕ್ಕಟೆ.

ವಿಷಯಕ್ಕೆ ಬರುತ್ತೇನೆ. ನೀನು ಪಾತ್ರ ಮಾಡಿರುವೆನೆಂದು ಬರೆದಿದ್ದ 'ಮಾಯಾ ಮಂದಾಕಿನಿ' ಫೆಬ್ರವರಿ ಒಂದರಿಂದ ನಮ್ಮ ಟೆಂಟಿನಲ್ಲಿ. ನಾಲ್ಕು ದಿನ, ದಿನಕ್ಕೆ ಒಂದೇ ಆಟ. ಭಾನುವಾರ ಆಂಡರ್ಸನ್‌ಪೇಟೆಗೆ ಹೋಗಿ ಅಕ್ಕನಿಗೆ ಹೇಳಿದೆ. ಎಮ್ಮೆ ಕರೆಯುತ್ತಿದ್ದವಳು ತಲೆ ಎತ್ತಲಿಲ್ಲ.

"ಮದ್ರಾಸ್ಗೋಗಿ ಕೆಟ್ಟೋದ್ಲು ಅಂತ ಗಣಿ ಲೈನಿನ ಮನೆ ಹೆಂಗಸ್ರೆಲ್ಲ ಅಂತಾರೆ. ಮೊಸರಿಗೆ ಬಂದೋರು ನನ್ ಮಕ ನೋಡಿ ನಗ್ತಾರೆ."

"ಸಿನಿಮಾದಾಗೆ ಪಾತ್ರ ಮಾಡ್ತಾವ್ಳೆ ಕಣಕ್ಕ. ಕಾಗ್ದ ಬರ್ದವ್ಳೆ."

"ಕಾಗ್ದದಾಗೆ ಯಾರ್ ಬೇಕಾದ್ರೂ ರಾಣಿ ಆಯ್ತಾರೆ ಬಿಡ್ಲಾ. ನಾನು ಕಣ್ಣಾರೆ ತೆರೆ ಮ್ಯಾಲೆ ಅವ್ಳ ಮಕ ನೋಡ್ಬೇಕು. ನೋಡಿದ ಮಾರನೇ ದಿನ ನಾನೇ ಮದ್ರಾಸ್ಗೋಗಿ ಕರ್ಕೊಂಬತ್ತೀನಿ, ಲೈನೆಲ್ಲ ನೋಡ್ಲಿ ಅಂತ. ಇಲ್ದಿದ್ರೆ ನಂಗೆ ಮಗಳಿಲ್ಲ."

ಚಿನ್ನದ ಗಣಿಯ ಸಿನಿಮಾ ಕೊಟಕಗಳಲ್ಲಿ ನಡೆಯುವುದು ತಮಿಳು ಚಿತ್ರಗಳೇ ಆದ್ದರಿಂದ ಅಕ್ಕ ಇಲ್ಲಿಗೇ ಬರಬೇಕು. ಆಟ ಆರೂವರೆಗೆ. ಒಂಬತ್ತೂವರೆಯ ಮಾರಿಕುಪ್ಪಂ ರೈಲಿಗೆ ಗಣಿಯ ಕಡೆಯವರನ್ನೆಲ್ಲ ಸೇರಿಸುವ ಹೊಣೆ ಟೆಂಟಿನದು. ನಮ್ಮ ಮನೆಯಲ್ಲಿ ಉಳಿ ಎಂದರೆ, ಬೆಳಗಿನ ಪಾಳಿಯವರಿಗೆ ಹಾಲು ನಿಮ್ಮಪ್ಪ ಕರೀತಾನಾ ಎಂದಳು. ನಮ್ಮಿಬ್ಬರ ಅಪ್ಪನೂ ಒಬ್ಬನೇ ಎಂದು ಜ್ಞಾಪಿಸಲು ಹೋಗಲಿಲ್ಲ.

ನನ್ನ ವಿಚಾರ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾಲ್ಕು ವರ್ಷದ ಹಿಂದೆ, ಹೆಂಡತಿ ಸತ್ತ ತಮ್ಮನಿಗೆ ಮಗಳನ್ನೇ ಕೊಡುತ್ತೇನೆಂದು ಅಕ್ಕ ತಾಂಬೂಲ ಕೊಟ್ಟಳು. ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು ಎನ್ನುವವರು ನಾವು. ವಾರದೊಳಗೆ ನೀನು ಮದ್ರಾಸಿನ ರೈಲು ಹತ್ತಿದೆ. ಒಳ್ಳೆಯದೇ ಆಯಿತು. ಆ ಎಲೆಯಡಿಕೆಯನ್ನು ಅಂದೇ ಜಗಿದೆ, ಉಗಿದೆ, ಬಾಯಿ ತೊಳೆದೆ.

ನೋಟೀಸು ಹೀಗಿದೆ:

ಗಣಿಗಿಳಿದವನು ಚಿನ್ನವ ತಂದ,
ಟೆಂಟಿಗೆ ಬಂದವ ಕಂಡನು ಚಂದ;
ನಮ್ಮೂರ ಮುತ್ತು ಮದ್ರಾಸಿಗೆ ಹೋಗಿ
ತೆರೆಯಲಿ ಬಂದಿದೆ ತಾರೆಯೆ ಆಗಿ!

ಯಾವ ಪಾತ್ರವೆಂದು ಬರೆ.

ಆಶೀರ್ವಾದಗಳೊಂದಿಗೆ,
ನಿನ್ನ ಮಾವ


ಮದ್ರಾಸು,
19 ಜನವರಿ 1957

ಮಾವನವರಿಗೆ ಮುತ್ಯಾಲು ಮಾಡುವ ನಮಸ್ಕಾರಗಳು.

ನೋಟೀಸನ್ನು ಹತ್ತು ಸಲ ಓದಿದೆ. ಪಕ್ಕದ ಕೋಣೆಯ ಹುಡುಗಿಗೆ ಕನ್ನಡ ಬಾರದು, ಆದರೂ ಅವಳಿಗೂ ಓದಿ ಹೇಳಿದೆ.

ಇಲ್ಲಿ ನನ್ನ ಹೆಸರು ಮುಕ್ತಾ. ಮುತ್ಯಾಲಮ್ಮ ಎಂದರೆ ಹಳ್ಳಿಯ ವಾಸನೆ ಎಂದರು. ಪಾತ್ರ ದೊಡ್ಡದಲ್ಲ ಮಾವ, ರಾಣಿಯ ಸಖಿ. ದೀಪ ಹಿಡಿದು ಉದ್ದನೆಯ ಮೆಟ್ಟಿಲಿಳಿದು ಬಂದು, "ಅಮ್ಮಾ, ಬಾಗಿಲಲ್ಲಿ ಯಾರೋ ನಿಂತಿದ್ದಾರೆ" ಎನ್ನಬೇಕು. ಅಷ್ಟೇ. ಆದರೆ ಮುಖ ಪೂರ್ತಿ ಕಾಣುತ್ತದೆ. ದೀಪ ಆರಿ ಆರಿ ಏಳು ಸಲ ಇಳಿದೆ. ಏಳನೆಯ ಸಲಕ್ಕೆ ಡೈರೆಕ್ಟರು "ಭೇಷ್" ಎಂದರು.

ನನಗೇನೂ ಕಷ್ಟವಿಲ್ಲ. ಕಂಪನಿಯ ಕಾರೇ ಬಂದು ಕರೆದೊಯ್ಯುತ್ತದೆ. ಅಮ್ಮನಿಗೆ ಇದನ್ನು ಹೇಳಿ. ಮುಂದೆಯೇ ಕೂರಲು ಹೇಳಿ. ಅವಳು ಬರುತ್ತಾಳೆಂದು ಓದಿದಾಗಿನಿಂದ ಟ್ರಂಕು ಕಟ್ಟಿಟ್ಟಿದ್ದೇನೆ. ಅವಳು ಬಂದು ಬಾಗಿಲು ತಟ್ಟಿದರೆ ಸಿದ್ಧವಾಗಿರಬೇಕಲ್ಲ.

ನಿಮ್ಮ,
ಮುತ್ಯಾಲು


ಬಂಗಾರಪೇಟೆ,
6 ಫೆಬ್ರವರಿ 1957

ಚಿ. ಮುತ್ಯಾಲುಗೆ ಆಶೀರ್ವಾದ.

ನಾಲ್ಕು ದಿನವೂ ಟೆಂಟು ತುಂಬಿತ್ತು. ಕಾಮಸಮುದ್ರದಿಂದ ಎರಡು ಗಾಡಿ, ಕ್ಯಾಸಂಬಳ್ಳಿಯಿಂದ ಒಂದು. ನೀನು ದೀಪ ಹಿಡಿದು ಇಳಿದೊಡನೆ ಶಿಳ್ಳೆಯೋ ಶಿಳ್ಳೆ. ಸಿನಿಮಾ ಮಿಷನ್ನು ನಡೆಸುವ ಕದಿರಪ್ಪ ಬೆಚ್ಚಿ, ಟೆಂಟಿಗೆ ಬೆಂಕಿ ಬಿತ್ತೆಂದು ನೀರಿನ ಬಕೀಟು ಹಿಡಿದು ನಿಂತನಂತೆ.

ಅಕ್ಕ ನೋಡಿದಳು. ಹೆಂಗಸರ ಕಡೆ ಮೊದಲ ಸಾಲಿನಲ್ಲೇ ಕೂತಿದ್ದಳು. ಉಳಿದ ಮೂರು ದಿನವೂ ಬಂದಳು.

ಏನೂ ಅನ್ನಲಿಲ್ಲ. ನೆಟ್ಟಗೆ ರೈಲಿಗೆ ಹೋದಳು. ಅವಳ ಸ್ವಭಾವ ನಿನಗೆ ಗೊತ್ತು; ನಿಮ್ಮಪ್ಪ ಗಣಿಯ ಧೂಳು ಕುಡಿದು ಸತ್ತಾಗಲೂ ಮೊದಲು ಎಮ್ಮೆ ಕರೆದು ಆಮೇಲೆ ಅತ್ತವಳು. ಕಲ್ಲಿಗೆ ಹೊತ್ತು ಬೇಕು. ಸದ್ಯಕ್ಕೆ ಟ್ರಂಕು ಬಿಚ್ಚು, ಸೀರೆಯನ್ನು ಜಿರಲೆ ತಿಂದೀತು.

ನಿನ್ನ ಮಾವ


ಮದ್ರಾಸು,
3 ಮಾರ್ಚ್ 1960

ಮಾವನವರಿಗೆ ನಮಸ್ಕಾರಗಳು.

ಮೂರು ವರ್ಷ ಬರೆಯಲಿಲ್ಲ, ತಪ್ಪಾಯಿತು. ಮೊದಲ ವರ್ಷ ಅಮ್ಮನಿಂದ ಮಾತು ಬರಲೆಂದು ಕಾದೆ. ಎರಡನೆಯ ವರ್ಷ ಕೋಪದಲ್ಲಿ ಕಳೆಯಿತು. ಮೂರನೆಯ ವರ್ಷ ಬರೆಯಲು ಏನೂ ಇರಲಿಲ್ಲ. ಗುಂಪಿನಲ್ಲಿ ನಿಲ್ಲುವುದು, ಹೂ ಎರಚುವುದು, ಹೆದರಿ ಓಡುವುದು.

ಈಗ ಇದೆ. 'ಎರಡು ತೊಟ್ಟಿಲು' ಎಂಬ ಚಿತ್ರ ಈ ತಿಂಗಳ ನಾಲ್ಕನೆಯ ವಾರ ನಿಮ್ಮ ಟೆಂಟಿಗೆ ಬರುತ್ತದಂತೆ. ಅದರಲ್ಲಿ ನಾನು ನಾಯಕನ ತಾಯಿ. ನಗಬೇಡಿ. ಇಪ್ಪತ್ತೈದಕ್ಕೆ ಕೂದಲಿಗೆ ಬಿಳಿ ಪುಡಿ ಹಚ್ಚಿಸಿಕೊಂಡೆ. ಒಮ್ಮೆ ಹಚ್ಚಿದರೆ ಮತ್ತೆ ತೆಗೆಯಲು ಬಿಡುವುದಿಲ್ಲ, ಬೇಡ ಎಂದು ಎಲ್ಲರೂ ಹೇಳಿದರು. ಎಂಟು ನಿಮಿಷ ಮಾವ! ಎಂಟು ನಿಮಿಷ ತೆರೆಯ ಮೇಲೆ ನಾನೊಬ್ಬಳೇ. ಮಗ ಮನೆ ಬಿಟ್ಟು ಹೋಗಿದ್ದಾನೆ, ತಾಯಿ ಮಾತಾಡದೆ ಮನೆಗೆಲಸ ಮಾಡುತ್ತಾಳೆ.

ಏನು ಮಾಡಲೆಂದು ತೋಚಲಿಲ್ಲ, ಅಮ್ಮನನ್ನೇ ಮಾಡಿದೆ. ಮೊಸರು ಅಳೆದು ಕೊಟ್ಟ ಮೇಲೆ ಮೇಲೊಂದು ತೊಟ್ಟು ಬಿಡುತ್ತಾಳಲ್ಲ, ಹಾಗೆ. ಒದ್ದೆ ಕೈಯ ಹಿಂಬದಿಯಿಂದ ಹಣೆ ಒರೆಸುತ್ತಾಳಲ್ಲ, ಹಾಗೆ. ಅಳು ಬಂದರೆ ಒಲೆ ಊದುವ ನೆಪ ಮಾಡುತ್ತಾಳಲ್ಲ, ಅದೂ. ಲೈಟು ಹಿಡಿಯುವವರೂ ಕಣ್ಣೊರೆಸಿಕೊಂಡರು. ಇದನ್ನು ನೋಡಿದರೆ ಅವಳಿಗೆ ತಿಳಿಯುತ್ತದೆ, ನಾನು ಅವಳನ್ನು ಒಂದು ದಿನವೂ ಮರೆತಿಲ್ಲವೆಂದು.

ಒಂದು ಮಾತು. ಕಂಪನಿಯ ರೀಲಿನ ಡಬ್ಬ ಸಾಗಿಸುವವನೊಬ್ಬ ಹೇಳಿದ: ಟೆಂಟಿನವರು ಹೊತ್ತಾಯಿತೆಂದು ಒಂದೋ ಎರಡೋ ರೀಲು ಹಾಕದೆ ತೆಗೆದಿಡುತ್ತಾರಂತೆ. ನಮ್ಮ ಕಡೆಯೂ ಹಾಗೆಯೇ? ನಾನು ಬರುವುದು ಹನ್ನೊಂದನೆಯ ರೀಲಿನಲ್ಲಿ. ಕದಿರಪ್ಪನವರಿಗೆ ಹೇಳಿಡಿ. ಹನ್ನೊಂದನೆಯದು, ಮರೆಯಬೇಡಿ.

ಇದಾದ ಮೇಲೂ ಅವಳು ಕರೆಯದಿದ್ದರೆ, ಇನ್ನು ತೋರಿಸಲು ನನ್ನಲ್ಲಿ ಏನೂ ಉಳಿದಿಲ್ಲ.

ಮುತ್ಯಾಲು


ಬಂಗಾರಪೇಟೆ,
28 ಮಾರ್ಚ್ 1960

ಚಿ. ಮುತ್ಯಾಲುಗೆ ಆಶೀರ್ವಾದ.

ರೀಲು ತೆಗೆದಿಡುವುದೇ! ಶಿವಶಿವಾ! ಕೋಲಾರ ಜಿಲ್ಲೆಯ ಟೆಂಟುಗಳ ಮಾನಹಾನಿ ಮಾಡಿದ ಆ ಡಬ್ಬದವನ ಡೊಳ್ಳು ಹೊಟ್ಟೆಗೆ ಡೋಲು ಕಟ್ಟಿ ಬಾರಿಸಬೇಕು. ಅಂಥದ್ದೆಲ್ಲ ಆಂಧ್ರದ ಗಡಿಯಾಚೆ.

ಚಿತ್ರ ಮೊನ್ನೆ ಮುಗಿಯಿತು. ನಿನ್ನ ಭಾಗ ಚೆನ್ನಾಗಿತ್ತು. ಕೈಯ ಹಿಂಬದಿಯಿಂದ ಹಣೆ ಒರೆಸಿದ್ದು ಅಕ್ಕನ ಹಾಗೆಯೇ ಇತ್ತು. ಇದನ್ನು ಮಾತ್ರ ನಂಬು.

ಅಕ್ಕ ಈ ಸಲವೂ ನಾಲ್ಕು ದಿನ ಬಂದಳು. ಈ ಸಲವೂ ಮಾತಿಲ್ಲ. ಯಾಕೆಂದು ನಾನು ಹೇಗೆ ಹೇಳಲಿ?

ನೋಟೀಸು ಕಳಿಸಲು ಮರೆತೆ. ಈ ಸಲ ನಿನ್ನ ಹೆಸರಿಗೆ ಪ್ರಾಸ ಕೂಡಲಿಲ್ಲ.

ಮುತ್ಯಾಲು, ಸಾಕು ಮಾಡು. ಇಪ್ಪತ್ತೈದಕ್ಕೆ ಮುದುಕಿ ಮಾಡಿದವರು ಮೂವತ್ತಕ್ಕೆ ಹೆಣ ಮಾಡುತ್ತಾರೆ. ಬಂದುಬಿಡು. ಅಕ್ಕನ ಮನೆಗೆ ಬರಲಾಗದಿದ್ದರೆ ಬಂಗಾರಪೇಟೆಯಲ್ಲಿ ಎರಡು ಕೋಣೆಯ ಮನೆಯೊಂದಿದೆ. ಸುಣ್ಣ ಹೊಡೆಸಿದ್ದೇನೆ. ಬಾವಿ ಹತ್ತಿರ. ಬಾಡಿಗೆದಾರ ಒಬ್ಬನೇ, ಅವನೂ ಬಿ.ಎ.

ನಿನ್ನ ಮಾವ


ಮದ್ರಾಸು,
9 ಏಪ್ರಿಲ್ 1960

ಮಾವನವರಿಗೆ.

ಅವಳನ್ನೇ ಅವಳಿಗೆ ತೋರಿಸಿದೆ. ಆದರೂ ಮಾತಿಲ್ಲ. ಇನ್ನು ಕೇಳುವುದಿಲ್ಲ.

ನಿಮ್ಮ ಮನೆಗೆ ಸುಣ್ಣ ಹೊಡೆಸಿದ್ದು ತಿಳಿಯಿತು. ಗೆದ್ದು ಬಂದಿದ್ದರೆ ಅಮ್ಮನ ಮನೆಗೂ ಬರುತ್ತಿದ್ದೆ, ನಿಮ್ಮ ಮನೆಗೂ ಬರುತ್ತಿದ್ದೆನೇನೋ. ಸೋತು ಬರುವುದಾದರೆ ಎಲ್ಲಿಗೂ ಬರುವುದಿಲ್ಲ. ಇಲ್ಲಿ ಸೋತವರು ಬಹಳ ಜನ ಇದ್ದೇವೆ, ಯಾರೂ ಯಾರನ್ನೂ ನೋಡಿ ನಗುವುದಿಲ್ಲ.

ಮುತ್ಯಾಲು


ಬಂಗಾರಪೇಟೆ,
2 ನವೆಂಬರ್ 1963

ಚಿ. ಮುತ್ಯಾಲುಗೆ.

ನಿನ್ನೆ ಬೆಳಗ್ಗೆ ಅಕ್ಕ ತೀರಿಕೊಂಡಳು. ಹಾಲು ಕೊಟ್ಟು ಬಂದು ಜಗುಲಿಯಲ್ಲಿ ಕೂತವಳು ಏಳಲಿಲ್ಲ. ಹನ್ನೊಂದನೆಯ ದಿನದ ತಿಥಿ ಆಂಡರ್ಸನ್‌ಪೇಟೆಯಲ್ಲಿ. ಬರುವುದು ಬಿಡುವುದು ನಿನಗೆ ಬಿಟ್ಟದ್ದು.

ಆದಿನಾರಾಯಣ


ಮದ್ರಾಸು,
25 ನವೆಂಬರ್ 1963

ಮಾವನವರಿಗೆ ನಮಸ್ಕಾರಗಳು.

ತಿಥಿಯ ದಿನ ನೀವು ಎಲ್ಲರಿಗೂ ನೀರು ಬಡಿಸಿದಿರಿ, ನನ್ನ ಎಲೆಯ ಮುಂದೆ ಮಾತ್ರ ನಿಲ್ಲಲಿಲ್ಲ. ದುಃಖಕ್ಕೆ ಹಾಗೆಂದುಕೊಂಡೆ.

ನೀವು ಕೈ ತೊಳೆಯಲು ಹೋದಾಗ ಪಕ್ಕದ ಮನೆಯ ಚಿಕ್ಕವೆಂಕಟಮ್ಮ ಬಂದು ಕೂತಳು. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಇಂಗಿದೀಯಾ ಈಗ? ನಿಮ್ಮಮ್ಮ ನಿನ್ ಮಕ ನೋಡಾಕೆ ಒದ್ದಾಡಿದ್ದು ಅಷ್ಟಿಷ್ಟಲ್ಲ ಕಣೇ. ಮೊದಲ್ನೇ ಸಿನಿಮಾಗೋಗಿ ಬಂದು, 'ಇಲ್ಲ ಕಣೇ ವೆಂಕಟಿ, ನನ್ ಮಗಳು ಇಲ್ಲ ಅದ್ರಾಗೆ' ಅಂದ್ಲು. ನಿಮ್ ಮಾವ, 'ಇದ್ಲು ಕಣಕ್ಕ, ನೀನು ರೆಪ್ಪೆ ಬಡ್ದಿರ್ಬೇಕು, ಅಷ್ಟ್ರಾಗೆ ಓಗ್ಬಿಟ್ಲು' ಅಂದ್ನಂತೆ. ಮಾರನೇ ದಿನ ರೆಪ್ಪೆ ಬಡೀದಂಗೆ ಕೂತವ್ಳೆ. ಕಣ್ಣೆಲ್ಲ ಕೆಂಪಗೆ, ನೀರು ಸುರೀತಿತ್ತು. ಎರಡ್ನೇ ಸಿನಿಮಾಗೂ ಅಂಗೇ, ನಾಲ್ಕು ದಿನ. ಕಡೇ ದಿನ ಬಂದು, 'ನನ್ ಕಣ್ಣೇ ಓಗವೆ ಕಣೇ, ಮಗಳು ಎದುರಿಗ್ ಬಂದ್ರೂ ಕಾಣಾಕಿಲ್ಲ' ಅಂತ ಅತ್ಲು."

ಅಮ್ಮನ ರಾಗಿ ಡಬ್ಬದಲ್ಲಿ ಟೆಂಟಿನ ಎಂಟು ಹರಿದ ಅರ್ಧ ಟಿಕೀಟುಗಳಿದ್ದವು. ತಂದಿದ್ದೇನೆ.

ನಾನೂ ನಿಮಗೆ ಸುಳ್ಳು ಬರೆದಿದ್ದೆ. ಕಾರೆಂದು ಬರೆದದ್ದು ಕಾರಲ್ಲ, ನಲವತ್ತು ಹುಡುಗಿಯರನ್ನು ತುಂಬುವ ವ್ಯಾನು. ಎರಡು ವರ್ಷದಿಂದ ಅದರಲ್ಲೂ ನನಗೆ ಜಾಗವಿಲ್ಲ. ಈಗ ನನ್ನ ಕೆಲಸ ಅಳುವುದು. ಅಳಲು ಬಾರದ ನಾಯಕಿಯರಿಗೆ ಕತ್ತಲ ಕೋಣೆಯಲ್ಲಿ ನಿಂತು ಅಳುವ ದನಿ ಕೊಡುತ್ತೇನೆ. ಮುಖ ಅವರದು, ಅಳು ನನ್ನದು. ತಿಥಿಯಿಂದ ಬಂದ ಮಾರನೆಯ ದಿನವೇ ಒಂದಿತ್ತು; ಒಂದೇ ಸಲಕ್ಕೆ ಸರಿಬಂತೆಂದು ಹೊಗಳಿದರು.

ನೀವು ಎರಡು ಸಲವೂ ಬರೆದಿರಿ, ಅಮ್ಮ ನೋಡಿದಳು ಎಂದು. ಆರು ವರ್ಷ ಅವಳ ಮೌನವನ್ನು ನಾನು ಶಾಪವೆಂದು ಹೊತ್ತೆ. ಅವಳಿಗೆ ಕಾಯಿಲೆಯೇ ಎಂದು ನಾನು ಒಂದು ಸಾಲು ಕೇಳಿ ಬರೆಯಲಿಲ್ಲ.

ನೀವು ಬರೆದದ್ದನ್ನು ನಂಬಲೋ, ಚಿಕ್ಕವೆಂಕಟಮ್ಮನನ್ನು ನಂಬಲೋ? ಅವಳು ನನ್ನನ್ನು ನೋಡಿದಳೇ, ಇಲ್ಲವೇ? ಅಷ್ಟು ಹೇಳಿ. ಪ್ರಾಸ ಬೇಡ.

ಮುತ್ಯಾಲು


ಬಂಗಾರಪೇಟೆ,
8 ಡಿಸೆಂಬರ್ 1963

ಮಹಾಜನಗಳೇ, ಬೆಂಚಿನ ಪ್ರಭುಗಳೇ, ಮರಳಿನ ರಸಿಕರೇ...

ಇಲ್ಲ. ಇಲ್ಲಿ ಯಾರೂ ಇಲ್ಲ ಮುತ್ಯಾಲು. ನಲವತ್ತೈದರ ಮೇಷ್ಟ್ರೊಬ್ಬ ಲಾಟೀನಿಲ್ಲದೆ, ಹಗಲು ಬೆಳಕಿರುವಾಗಲೇ ಮುಗಿಸಬೇಕೆಂದು ಬರೆಯುತ್ತಿದ್ದಾನೆ.

ಡಬ್ಬದವನು ಹೇಳಿದ್ದು ನಿಜ. ನಮ್ಮ ಟೆಂಟಿಗೆ ಇರುವುದು ಒಂದೇ ಮಿಷನ್ನು, ರೀಲು ಬದಲಾಯಿಸುವಷ್ಟರಲ್ಲಿ ಹೊತ್ತು ಹೋಗುತ್ತದೆ. ಪೂರ್ತಿ ಹಾಕಿದರೆ ಮಾರಿಕುಪ್ಪಂ ರೈಲು ತಪ್ಪುತ್ತದೆ. "ಮೇಷ್ಟ್ರೇ, ರೈಲು ನಮ್ಮಪ್ಪಂದಲ್ಲ, ಸಿನಿಮಾ ನಮ್ದು. ಮೊಟಕು ಮಾಡೋದಾದ್ರೆ ಸಿನಿಮಾನೇ ಮೊಟಕು ಮಾಡ್ಬೇಕು" ಎಂದರು ಜಯರಾಮಪ್ಪ. ಯಾವ ರೀಲು ತೆಗೆದಿಟ್ಟರೆ ಕಥೆ ಕೆಡದು ಎಂದು ಹೇಳುವುದೇ ನನ್ನ ಹೊಸ ಹುದ್ದೆ. ಹಾಡಿನ ಪುಸ್ತಕದಲ್ಲಿ ಅಚ್ಚಾದ ಕಥಾಸಾರ ಓದಿ ಹೇಳುತ್ತಿದ್ದೆ. ಅಕ್ಕನಂಥವರು ಹೊತ್ತಿಗೆ ಸರಿಯಾಗಿ ಮನೆ ಸೇರಲೆಂದು.

'ಮಾಯಾ ಮಂದಾಕಿನಿ'ಯಲ್ಲಿ ರಾಣಿ ಇರುವ ರೀಲುಗಳನ್ನೆಲ್ಲ ಉಳಿಸಿ, ಆಳುಗಳ ಹಾಸ್ಯದ ಜಗಳವಿದ್ದ ಒಂಬತ್ತನೆಯದನ್ನು ತೆಗೆಸಿದೆ. ಅದರ ಬಾಲದಲ್ಲಿ ನಿನ್ನ ಮೆಟ್ಟಿಲಿತ್ತು. ಅದು ತಪ್ಪು, ದೇವರಾಣೆ ತಪ್ಪು. ಮಾರನೆಯ ದಿನ ಸೇರಿಸಿಬಿಡಬಹುದಿತ್ತು. ಸೇರಿಸಿದ್ದರೆ, 'ನಿನ್ನ ಮಗಳನ್ನು ಅಮುಖ್ಯವೆಂದು ತೆಗೆಸಿದವನು ನಾನೇ' ಎಂದು ಅಕ್ಕನಿಗೆ ಹೇಳಬೇಕಾಗುತ್ತಿತ್ತು. ರೆಪ್ಪೆ ಬಡಿದಿರಬೇಕು ಎಂದೆ. ನಿನಗೆ ಶಿಳ್ಳೆ ಎಂದು ಬರೆದೆ. ಶಿಳ್ಳೆ ಬಿದ್ದದ್ದು ನನಗೆ. ನೋಟೀಸಿನ ತಾರೆ ಎಲ್ಲಿ ಮೇಷ್ಟ್ರೇ ಎಂದು.

ಎರಡನೆಯದು ತಪ್ಪಲ್ಲ. ನೀನೇ ಸಂಖ್ಯೆ ಬರೆದಿದ್ದೆ.

ಆಟಕ್ಕೆ ಮೊದಲು ಮಧ್ಯಾಹ್ನ ಟೆಂಟಿಗೆ ಹೋಗಿ ಹನ್ನೊಂದನೆಯ ರೀಲು ಬಿಚ್ಚಿಸಿದೆ. ಬಟ್ಟೆಯ ತೂತಿನಿಂದ ಬರುತ್ತಿದ್ದ ಬಿಸಿಲಿಗೆ ಹಿಡಿದು ನೋಡಿದೆ. ಉಗುರಿನಷ್ಟು ಉಗುರಿನಷ್ಟು ಚಿತ್ರ, ಒಂದೊಂದರಲ್ಲೂ ಅಕ್ಕ. ಹಣೆ ಒರೆಸುವ ಅಕ್ಕ, ಒಲೆ ಊದುವ ಅಕ್ಕ. ಈ ಊರಿನಲ್ಲಿ ನಿನ್ನನ್ನು ನೋಡಿದವನು ನಾನೊಬ್ಬನೇ.

"ಇದನ್ನ ತೆಗೆದಿಡು" ಎಂದೆ.

ಕದಿರಪ್ಪ ತಲೆ ಕೆರೆದುಕೊಂಡ. "ಬ್ಯಾಡಿ ಮೇಷ್ಟ್ರೇ, ಇದ್ರಾಗೆ ಒಳ್ಳೆ ಅಳು ಐತೆ. ಹೆಂಗಸ್ರು ಇದ್ಕೇ ಬರೋದು."

"ಕಥೆಗೆ ಬೇಕಿಲ್ಲ" ಎಂದೆ. ಬಿ.ಎ. ಹೇಳಿದ್ದೇ ತೀರ್ಪು. ಡಬ್ಬದ ಮೇಲೆ ಗೋಣಿ ಹೊದಿಸಿದ. ಸಂಜೆ ತಡಿಕೆಯಾಚೆ ಮೊದಲ ಸಾಲಿನಲ್ಲಿ ಅಕ್ಕ ಕಣ್ಣು ಬಿಟ್ಟುಕೊಂಡು ಕೂತಿದ್ದಳು. ನಾಲ್ಕು ಸಂಜೆ. ನಾನು ಬೆಂಚಿನ ಮೇಲಿದ್ದೆ.

ಹಳೆಯ ಸುಳ್ಳು ಹೊರಬಿದ್ದೀತೆಂಬ ಹೆದರಿಕೆ ಎಂದು ಬರೆಯೋಣವೆಂದಿದ್ದೆ. ಅದನ್ನು ನೀನು ಕ್ಷಮಿಸಿಯೂ ಕ್ಷಮಿಸುತ್ತಿದ್ದೆ. ಆದರೆ ಆ ತಾಂಬೂಲವನ್ನು ನಾನು ಉಗಿದಿರಲಿಲ್ಲ ಮುತ್ಯಾಲು. ಜಗಿಯಲೂ ಇಲ್ಲ. ಹತ್ತು ವರ್ಷದಿಂದ ನನ್ನ ಪೆಟ್ಟಿಗೆಯಲ್ಲಿದೆ, ಎಲೆ ಪುಡಿಯಾಗಿದೆ, ಅಡಿಕೆ ಹಾಗೇ ಇದೆ.

ಅಕ್ಕ ನಿನ್ನನ್ನು ನೋಡಲಿಲ್ಲ. ನೋಡಿದ್ದರೆ ಮಾರನೆಯ ದಿನ ಮದ್ರಾಸಿಗೆ ಹೊರಡುತ್ತಿದ್ದಳು, ನೀನು ಗೆದ್ದವಳಾಗಿ ಬರುತ್ತಿದ್ದೆ.

ನನಗೆ ನೀನು ಸೋತು ಬರುವುದು ಬೇಕಿತ್ತು.